ಬೇಲಿಗೆ ಕಟ್ಟಿದ ಚಕ್ಕೆಗಳು

ಎಲ್ಮ್ ಮರದ್ದು. ಹೋದ ಜನವರಿಯ ಬಿರುಗಾಳಿ
ಇಗರ್ಜಿಯ ಹಿತ್ತಲಲ್ಲಿ ಮಲಗಿಸಿದ ಮರ.
ಪಾದ್ರಿ ಒಂದು ಸೀಳು ಕೊಟ್ಟರು, ಉಳಿದದ್ದು ಒಲೆಗೆ.
ಚಳಿಗಾಲವಿಡೀ ಅಡುಗೆಮನೆಯಲ್ಲಿ ಕೆತ್ತಿದೆ;
ಸೂಪಿನಲ್ಲೂ ಹೊಟ್ಟು, ಬೆಕ್ಕಿನ ಮೀಸೆಯಲ್ಲೂ ಹೊಟ್ಟು.
ಈಗ ಬಿಲ್ಲಾಗಿದೆ. ಕೊಪ್ಪಿಗೆ ಹೆದೆಯೇರಿಸಿದರೆ
ಎರಡು ತೋಳೂ ಒಂದೇ ಸಮ ಬಾಗುತ್ತವೆ.

ಆದರೆ ಬೆತ್ತಲೆ.
ಸಾರೆಮಾ ದ್ವೀಪದಲ್ಲಿ ಮಳೆ ಮೇಲಿಂದ ಮಾತ್ರ ಬರುವುದಿಲ್ಲ;
ಸಮುದ್ರದಿಂದ ಅಡ್ಡಡ್ಡ ಬರುತ್ತದೆ, ಹುಲ್ಲಿನಿಂದ ಏಳುತ್ತದೆ,
ಮುಚ್ಚಿದ ಡಬ್ಬಿಯ ಉಪ್ಪಿನೊಳಗೂ ಹೋಗಿ ಕೂರುತ್ತದೆ.

ಹಿಂದಿನ ಬಿಲ್ಲಿಗೆ ದೋಣಿಯ ವಾರ್ನಿಷ್ ಬಳಿದಿದ್ದೆ, ಮೂರು ಕೈ.
ಮುಖ ನೋಡಿಕೊಳ್ಳಬಹುದಿತ್ತು ಅದರಲ್ಲಿ; ನೋಡಿಕೊಂಡೆ ಕೂಡ.
ದೋಣಿ ಬಾಗುವುದಿಲ್ಲ, ಬಿಲ್ಲು ಬಾಗುತ್ತದೆ
ಎಂಬಷ್ಟು ಬುದ್ಧಿ ಆಗ ಇರಲಿಲ್ಲ.
ಅಕ್ಟೋಬರಿನ ಪಂದ್ಯದ ದಿನ ಹೊಟ್ಟೆಯ ಕಡೆ ಕೂದಲೆಳೆಯ ಬಿರುಕು.
ಅಲ್ಲಿಂದ ಮಂಜು ಒಳಹೊಕ್ಕಿತು, ಹೊಕ್ಕದ್ದು ಹೊರಬರಲಿಲ್ಲ.
ಉಳಿದ ಬಾಗಿಲೆಲ್ಲ ನಾನೇ ಭದ್ರವಾಗಿ ಮುಚ್ಚಿದ್ದೆನಲ್ಲ.
ಕ್ರಿಸ್ಮಸ್ ಹೊತ್ತಿಗೆ ಹೆದೆ ಬಿಚ್ಚಿದರೂ ಅದು ನೆಟ್ಟಗಾಗದೆ
ಸಾಲ ಕೇಳಲು ಬಂದವರ ಹಾಗೆ ಬಗ್ಗಿಯೇ ಇತ್ತು.

ಈ ಸಲ ಯಾರ ಮಾತನ್ನೂ ನಂಬಲಿಲ್ಲ.
ಮಿಕ್ಕ ತುಂಡಿನಿಂದ ಗೇಣುದ್ದದ ಏಳು ಚಕ್ಕೆ ಸೀಳಿ
ಒಂದೊಂದಕ್ಕೆ ಒಂದೊಂದು ಉಡುಪು:
ವಾರ್ನಿಷ್ (ಹಳೆಯ ಸೇಡಿಗೆ), ಅಗಸೆ ಎಣ್ಣೆ, ಜೇನುಮೇಣ,
ಎಣ್ಣೆ ಮೇಣ ಎರಡನ್ನೂ ಕಾಯಿಸಿ ಬೆರೆಸಿದ್ದು,
ಬಾತಿನ ಕೊಬ್ಬು, ಅರಗು.
ಅರಗಿನ ಡಬ್ಬಿಯ ಮೇಲೊಂದು ಕೆಂಪು ಹುಳುವಿನ ಚಿತ್ರ;
ಯಾವುದೋ ಬಿಸಿಲ ದೇಶದ ಕೊಂಬೆಯಲ್ಲಿ
ಮಕ್ಕಳಿಗೆಂದು ಅದು ಕಟ್ಟಿದ ಮನೆಯನ್ನು ಕೆರೆದು ತಂದಿದ್ದಾರೆ.
ಏಳನೆಯದಕ್ಕೆ ಏನೂ ಇಲ್ಲ.

ಜೂನಿಪರ್ ಬೇಲಿಗೆ ಕಟ್ಟಿದೆ. ವಾರಕ್ಕೊಮ್ಮೆ ಬಿಚ್ಚಿ
ಮೊಣಕಾಲಿಗೊತ್ತಿ ಹತ್ತು ಸಲ ಬಗ್ಗಿಸಿ
ಹಿಟ್ಟು ತೂಗುವ ತಕ್ಕಡಿಯಲ್ಲಿಟ್ಟು ಬರೆದುಕೊಂಡೆ,
ಯಾವುದು ಎಷ್ಟು ಗ್ರಾಂ ಮಳೆ ಕುಡಿಯಿತೆಂದು.

ಪಕ್ಕದ ಮನೆಯ ಎಂಡೆಲ್ ಐವತ್ತು ವರ್ಷ
ದೋಣಿಗಳಿಗೆ ಕೀಲೆಣ್ಣೆ ಬಳಿದವನು. ಉಗುರಡಿ ಇನ್ನೂ ಕಪ್ಪು.
"ಲೆಯ್ದಾ, ಟಿಕೆಟ್ ಹರಿಯುವವಳಿಗೆ ಯಾಕೆ ಈ ಲೆಕ್ಕ?
ಕೀಲೆಣ್ಣೆ ಹಚ್ಚು. ಪ್ರಳಯವಾದರೂ ನೀರಿಳಿಯುವುದಿಲ್ಲ."
ಅವನ ಸಮಾಧಾನಕ್ಕೆ ಎಂಟನೆಯ ಚಕ್ಕೆ ಸೀಳಿದೆ.
ನಿಜ, ನೀರಿಳಿಯಲಿಲ್ಲ. ಹಿಡಿದ ಕೈಯನ್ನೂ ಬಿಡಲಿಲ್ಲ;
ಎರಡು ದಿನ ಹಡಗುಕಟ್ಟೆಯಲ್ಲಿ ನಾನು ಕೊಟ್ಟ ಚಿಲ್ಲರೆಗೆಲ್ಲ
ಸುಟ್ಟ ಪೈನ್ ಕಾಡಿನ ವಾಸನೆ.

ಆರು ವಾರ.
ನೀರನ್ನು ತಡೆದವರು ಯಾರೂ ಉಳಿಯಲಿಲ್ಲ, ಅಂಟುವ ಆ ಒಂದರ ಹೊರತು;
ತಡ ಮಾಡಿದವರು ಇದ್ದರು.
ಕೊಬ್ಬಿನದನ್ನು ಕಾಗೆ ಕುಕ್ಕಿತು.
ಅರಗು ಪೊರೆ ಬಂದ ಕಣ್ಣಿನ ಹಾಗೆ ಬೆಳ್ಳಗಾಯಿತು.
ವಾರ್ನಿಷ್ ನಾಲ್ಕು ವಾರ ಗೆದ್ದು ಐದನೆಯದರಲ್ಲಿ ಬಿರಿಯಿತು.
ಏನೂ ಹಚ್ಚದ್ದು ಹನ್ನೊಂದು ಗ್ರಾಂ ಕುಡಿದು ತಿರುಚಿಕೊಂಡಿತು;
ಅದರ ಮೇಲೀಗ ಬಸವನಹುಳುವೊಂದು ಬಿಡಾರ ಹೂಡಿದೆ, ಬಿಚ್ಚಿಲ್ಲ.
ಎಣ್ಣೆಮೇಣದ್ದು ಸ್ವಲ್ಪ ಕುಡಿಯಿತು,
ಬಿಸಿಲು ಬಿದ್ದಾಗ ಬಿಟ್ಟುಕೊಟ್ಟಿತು.
ಕುಡಿದದ್ದನ್ನು ಬಿಡುವುದು ಎಲ್ಲರಿಗೂ ಬರುವುದಿಲ್ಲ.
ನನ್ನಪ್ಪನಿಗೆ ಬರಲಿಲ್ಲ.

ಇವತ್ತು ಹಚ್ಚುತ್ತಿದ್ದೇನೆ. ಮೊದಲು ಬಟ್ಟೆ, ಆಮೇಲೆ ಅಂಗೈ.
ಉಜ್ಜಿ ಉಜ್ಜಿ ಅಂಗೈ ಕಾದ ಮೇಲೆಯೇ ಮೇಣ ಎಳೆಗಿಳಿಯುವುದು.
ಪೇಲವ ಮರದಿಂದ ಒಮ್ಮೆಗೇ ಕಂದು ಏಳುತ್ತದೆ,
ಜೊತೆಗೆ ನಾನು ಕಂಡೇ ಇರದ ಒಂದು ಗಂಟು,
ಯಾವುದೋ ಹುಳು ತಿರುಗಾಡಿದ ದಾರಿ.
ಪ್ರತಿ ಮಳೆಯ ನಂತರ ಮತ್ತೆ ಹಚ್ಚಬೇಕು. ಗೊತ್ತು.
ಒಮ್ಮೆ ಹಚ್ಚಿ ಮರೆಯುವಂಥದ್ದನ್ನೇ ಹುಡುಕಿ ಹೊರಟಿದ್ದೆ.
ಹಿಡಿಯ ಬಳಿ ಬಂದಾಗ ಅಲ್ಲಿ ಆಗಲೇ ಹೊಳಪು;
ಚಳಿಗಾಲವಿಡೀ ಹಿಡಿದ ನನ್ನದೇ ಜಿಡ್ಡು.
ಅದರ ಮೇಲೂ ಒಂದು ಕೈ ಎಳೆದೆ, ನಂಬಿಕೆ ಸಾಲದೆ.

ಎಣ್ಣೆಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬಾರದು.
ಅಗಸೆ ಎಣ್ಣೆ ಒಣಗುತ್ತ ಒಣಗುತ್ತ ಒಳಗೇ ಬಿಸಿಯಾಗಿ
ಯಾರೂ ಕಡ್ಡಿ ಗೀರದೆ ಹೊತ್ತಿಕೊಳ್ಳುತ್ತದೆ;
ಎಂಡೆಲ್‌ನ ದೋಣಿಮನೆ ಹೋದದ್ದು ಹಾಗೆ.
ಕಲ್ಲುಗೋಡೆಯ ಮೇಲೆ ಒಂದೊಂದನ್ನೇ ಬಿಡಿಸಿ ಹರಡುತ್ತೇನೆ.
ತುಂತುರು ಶುರುವಾಗಿದೆ.
ಬಿಲ್ಲನ್ನು ಒಳಗೊಯ್ದು ತೊಲೆಯ ಮೊಳೆಗೆ ತೂಗುಹಾಕಿ
ಬಟ್ಟೆಗಳನ್ನು ಅಲ್ಲೇ ಬಿಡುತ್ತೇನೆ.
ಅವು ನೆನೆಯಲಿ.