ನೂರಾ ನಲವತ್ತು ಡಿಗ್ರಿ

ಮಾಪಣ್ಣ ಕೇಳಿದ್ದು ನಡೆಯುವುದನ್ನಲ್ಲ.
ಎಕ್ಸ್-ರೇ ಬೆಳಕಿಗೆ ಹಿಡಿದು ನಾನು ಹೇಳುತ್ತಲೇ ಇದ್ದೆ:
ಮೂಳೆ ಕೂಡಿದೆ, ಮೂರು ತಿಂಗಳಿಗೆ ನಡೆಯುತ್ತೀ.
ಅವನು ತನ್ನ ಮೊಣಕಾಲನ್ನು
ಯಾರದೋ ಸಾಮಾನಿನಂತೆ ನೋಡುತ್ತ
"ಕುಕ್ಕರಗಾಲಿಲೆ ಕುಂದರ್ಲಾಕ ಬರ್ತದೇನ್ರಿ ಮೇಡಂ?" ಅಂದ.

ಶಹಾಬಾದಿನ ಗಣಿಯಲ್ಲಿ ಕಲ್ಲು
ಪದರಿನ ಮೇಲೆ ಪದರಾಗಿ ಮಲಗಿರುತ್ತದೆ.
ಕುಕ್ಕರಗಾಲಲ್ಲಿ ಕೂತು, ಉಳಿ ಊರಿ,
ಕಿವಿಗೊಟ್ಟು ಹೊಡೆದರೆ ಹಾಳೆಯಂತೆ ಏಳುತ್ತದೆ.
ನಿಂತವರಿಗೆ ಅದರ ದನಿ ಕೇಳುವುದಿಲ್ಲವಂತೆ.

ಅಂಗಡಿಯಲ್ಲಿ ಸಿಗುವ ಮೊಣಕಾಲ ಪಟ್ಟಿ
ತೊಂಬತ್ತಕ್ಕೆ ನಿಲ್ಲುತ್ತದೆ.
ತೊಂಬತ್ತು ಎಂದರೆ ಕುರ್ಚಿ.

ಡಿಸ್ಚಾರ್ಜ್ ಚೀಟಿಯ ಬೆನ್ನಿಗೆ ಗೆರೆ ಎಳೆದುಕೊಂಡು
ಕಪನೂರಿನ ಲೇತ್ ಅಂಗಡಿಗೆ ಹೋದೆ.
ಮಶಾಕಸಾಬ್ ಕಾಗದವನ್ನು ತಿರುವಿ,
ಮೊದಲು ರೋಗಿಯ ಹೆಸರು ಓದಿ, ಆಮೇಲೆ ಚಿತ್ರ ನೋಡಿ
"ಕೀಲು ಅಂದ್ರ ಯಾವ್ದ್ರಿ, ಬಂಡೀದೋ ಮನಷ್ಯಾಂದೋ?
ಬಂಡೀದು ಬರೇ ತಿರಗ್ತದ.
ಇದು ತಿರಗ್ತದ, ಜಾರ್ತದ ಭಿ."
ನಾನು ಎರಡು ವರ್ಷ ಓದಿದ್ದನ್ನು
ಅವನು ಎಣ್ಣೆಗೈಯಲ್ಲಿ ತೊಡೆಯ ಮೇಲೆ ಬರೆದು ತೋರಿಸಿದ.

ಮೊದಲನೆಯದು ಮುರಿಯಿತು. ಎರಡನೆಯದು ಚರ್ಮ ಕಚ್ಚಿತು.
ಮೂರನೆಯದಕ್ಕೆ ಏಪ್ರಿಲ್ ತಿಂಗಳ ಬೆವರಿಗೆ ತುಕ್ಕು.
ನಾಲ್ಕನೆಯದನ್ನು ನಾನೇ ಕಟ್ಟಿಕೊಂಡು
ಮೂರು ಮಹಡಿ ಹತ್ತಿದೆ, ಲಿಫ್ಟಿನ ಹುಡುಗ ನಗುತ್ತಿದ್ದ.

ನೈತಿಕ ಸಮಿತಿಯಲ್ಲಿ ಒಬ್ಬರು ಕೇಳಿದರು:
ಮೊದಲು ಬಡವರ ಮೇಲೆಯೇ ಯಾಕೆ?
ಕೇಳಬೇಕಾದದ್ದನ್ನೇ ಕೇಳಿದರು.
ಒಂಬತ್ತು ಪುಟ ಉತ್ತರ ಬರೆದೆ, ಇನ್ನೂ ಮುಗಿದಿಲ್ಲ ಅನಿಸುತ್ತದೆ.
ಒಪ್ಪಿಗೆ ಪತ್ರಕ್ಕೆ ಮಾಪಣ್ಣ ಎಷ್ಟು ಒತ್ತಿ ಸಹಿ ಹಾಕಿದನೆಂದರೆ
ಕೆಳಗಿನ ಎರಡು ಹಾಳೆಗೂ ಅದು ಇಳಿದಿತ್ತು.

ಹನ್ನೊಂದು ಜನ. ಒಂಬತ್ತು ಜನ ಕೂತರು.
ಹತ್ತನೆಯವಳು, ಚಿತ್ತಾಪುರದ ಕಾಶಮ್ಮ,
ಮೊಣಕಾಲು ಬಾತು, ಪಟ್ಟಿ ಬಿಚ್ಚಿ ನನ್ನ ಮೇಜಿನ ಮೇಲಿಟ್ಟು
ಏನೂ ಅನ್ನದೆ ಹೋದಳು.
ಹನ್ನೊಂದನೆಯವನು ಬರಲೇ ಇಲ್ಲ.
ಅವರಿಬ್ಬರನ್ನೂ ಕೋಷ್ಟಕದಲ್ಲಿ ಬರೆದಿದ್ದೇನೆ.

ಹೈದರಾಬಾದಿನಿಂದ ಕಂಪನಿಯವರು ಬಂದರು.
ಗೋಡೆಯ ಮೇಲೆ ಒಂದು ದೊಡ್ಡ ವೃತ್ತ, ಅದರೊಳಗೊಂದು ವೃತ್ತ,
ಅದರೊಳಗೊಂದು ಚುಕ್ಕೆ. ಚುಕ್ಕೆ, ನಮ್ಮ ಜನ.
"ನೂರಿಪ್ಪತ್ತಕ್ಕೆ ನಿಲ್ಲಿಸೋಣ ಡಾಕ್ಟರ್,
ಯೋಗ ಮಾಡುವವರಿಗೆ ಅಷ್ಟು ಸಾಕು.
ಬಣ್ಣ ನೀಲಿ. ಬೆಲೆ ಹದಿನೆಂಟು ಸಾವಿರ."
ಮಶಾಕನ ಲೆಕ್ಕ ನನ್ನ ಚೀಲದಲ್ಲೇ ಇತ್ತು:
ಸಾವಿರದ ನೂರಾ ನಲವತ್ತು, ಚರ್ಮ ಬೇರೆ.
ಅವರು ಕೆಟ್ಟವರಲ್ಲ. ಚಹಾ ಕುಡಿದ ಕಪ್ಪನ್ನು
ತಾವೇ ತೊಳೆದಿಟ್ಟರು.
ಅವರಿಲ್ಲದೆ ಇದು ಕಪನೂರು ದಾಟುವುದಿಲ್ಲ,
ಅದು ನನಗೂ ಗೊತ್ತು.

ಪೇಟೆಂಟ್ ಅರ್ಜಿಯಲ್ಲಿ ಆವಿಷ್ಕರಿಸಿದವರ ಹೆಸರು ಎಂಬಲ್ಲಿ
ನೀಲಾಂಬಿಕಾ ಹತ್ತರಕಿ ಎಂದು ಬರೆದು ಪೆನ್ನು ನಿಂತಿತು.
ಕೆಳಗೆ ಮಶಾಕಸಾಬನ ಹೆಸರು ಬರೆದೆ.
"ನಂದ್ಯಾಕ್ರಿ, ನಾ ಬರೇ ತೂತು ಹೊಡದೀನಿ" ಅಂತ ಸಿಟ್ಟು ಮಾಡಿಕೊಂಡ,
ಅಕ್ಷರ ಸರಿ ಇದೆಯಾ ಅಂತ ಎರಡು ಸಲ ನೋಡಿದ.
ಮಾಪಣ್ಣನ ಪ್ರಶ್ನೆಗೆ ಆ ಅರ್ಜಿಯಲ್ಲಿ
ಕಾಲಂ ಇರಲಿಲ್ಲ.

ಕರಾರಿನ ಅಂಚಿಗೆ ಒಂದು ಸಾಲು ಸೇರಿಸಿ ಕಳಿಸಿದ್ದೇನೆ:
ನೂರಾ ನಲವತ್ತು ಕಡಿಮೆಯಾಗಕೂಡದು,
ಸರ್ಕಾರಿ ಆಸ್ಪತ್ರೆಗಳಿಗೆ ಬೆಲೆ ಬೇರೆ.
ಆರು ವಾರವಾಯಿತು. ಉತ್ತರವಿಲ್ಲ.

ಇವತ್ತು ಓಪಿಡಿ ಮುಂದೆ ಮಾಪಣ್ಣ.
ಸ್ಟೀಲಿನ ಬೆಂಚು ಖಾಲಿ ಬಿಟ್ಟು, ಪಕ್ಕದ ನೆಲದಲ್ಲಿ
ಕುಕ್ಕರಗಾಲಲ್ಲಿ ಕೂತಿದ್ದಾನೆ.
ಕೋನಮಾಪಕ ಹಿಡಿದೆ. ನೂರಾ ಮೂವತ್ತೆಂಟು.
ಇದ್ದದ್ದನ್ನೇ ಬರೆದುಕೊಂಡೆ.
ಅವನ ಗಮನ ನನ್ನ ಕಡೆ ಇರಲಿಲ್ಲ.
ನೆಲಹಾಸಿನ ಕಲ್ಲಿಗೆ ಬೆರಳ ಗಂಟಿನಿಂದ ಕುಟ್ಟಿ,
ತಲೆ ವಾಲಿಸಿ, ಮತ್ತೊಮ್ಮೆ ಕುಟ್ಟಿ
"ಇದು ಒಳಗ ಪೊಳ್ಳದ ಮೇಡಂ," ಅಂದ,
"ಬದಲ್ ಮಾಡಸ್ರಿ."