ಹನ್ನೊಂದರ ದೋಣಿ

ಬಾಡಿಗೆ ರಾತ್ರಿಯೊಂದಕ್ಕೆ ಮುನ್ನೂರು ಪೆಸೊ.
ಹುಟ್ಟುಹಬ್ಬ, ಮದುವೆ, ಕೋಳಿ ಅಂಕದಲ್ಲಿ ಗೆದ್ದವನ ಪಾರ್ಟಿ,
ಸಾವಿನ ಒಂಬತ್ತನೆಯ ರಾತ್ರಿಗೂ ಅಷ್ಟೇ.
ಸತ್ತ ಮನೆಗೆ ಕಡಿಮೆ ಮಾಡು ಅನ್ನುತ್ತಾರೆ ಕೆಲವರು.
ಪೆಟ್ಟಿಗೆಗೇನು ಗೊತ್ತು, ಕರೆಂಟು ಎಲ್ಲಿಯೂ ಅಷ್ಟೇ ತಿನ್ನುತ್ತದೆ.

ಇಲೊಯಿಲೊ ಬಂದರಿನ ಹಿಂದಿನ ಓಣಿ.
ಮೂರು ಗಾಲಿಯ ಗಾಡಿಗೆ ಹಗ್ಗ ಬಿಗಿದು
ಹಾಡುವ ಪೆಟ್ಟಿಗೆಯನ್ನು ತಂದು ಇಳಿಸಿದೆ
ದಿಯೊನಿಸಿಯಾ ಅಜ್ಜಿಯ ಅಂಗಳಕ್ಕೆ.
ಪ್ಲಾಸ್ಟಿಕ್ ಕುರ್ಚಿ, ಶುಂಠಿ ಕಷಾಯ, ಮೂಲೆಯಲ್ಲಿ ಇಸ್ಪೀಟು,
ಗೋಡೆಯ ಮೇಲೆ ಬಿಳಿ ಕೋಟಿನ ಫಾಸ್ಟಿನೊ:
ಒಸಾಕಾ, ಮಕಾವ್, ಎರಡು ವರ್ಷ ಹಡಗಿನ ಮೇಲೆ,
ನಲವತ್ತು ವರ್ಷ ಹೋಟೆಲುಗಳಲ್ಲಿ ಹಾಡಿದ.
ಒಂದಾದರೂ ತನ್ನದಲ್ಲ.
ಯಾರದು ಕೇಳಿದರೆ ಅವರದು ಕೊಡುತ್ತಿದ್ದ,
ಅಂಗಡಿಯವ ಅಕ್ಕಿ ಅಳೆದ ಹಾಗೆ.

‘ಹನ್ನೊಂದರ ದೋಣಿ ಹಾಕು’ ಎಂದಳು ಅಜ್ಜಿ.

ನನ್ನ ಪುಸ್ತಕದಲ್ಲಿ ಆ ಹೆಸರಿನವು ಎರಡಿವೆ,
ಒಂದರ ಕೆಳಗೊಂದು, ಬೀರಿನ ಕಲೆಯೊಳಗೆ.
ಇನ್ನೂರ ಏಳರಲ್ಲಿ ಹೆಂಗಸೊಬ್ಬಳು
ಲಾಟೀನು ಹಿಡಿದು ಕಡಲದಂಡೆಯಲ್ಲಿ ನಿಲ್ಲುತ್ತಾಳೆ.
ಇನ್ನೂರ ಎಂಟರಲ್ಲಿ ನಾಲ್ವರು ಕುಡುಕರು
ಹಂದಿಮರಿ ಕದ್ದು ದೋಣಿ ಹತ್ತುತ್ತಾರೆ,
ಮರಿ ಈಜಿ ಪಾರಾಗುತ್ತದೆ.
ಒಂದೇ ಓಣಿಯಲ್ಲಿ ಒಂದೇ ಹೆಸರಿನವರು ಇಬ್ಬರಿದ್ದರೆ
ಅಂಚೆಯವನು ಪಡುವ ಪಾಡು ನನ್ನದು.

ಏಳು ಒತ್ತಿದೆ.
ದಾರಿ ತೋರಿಸಲು ಮೂಲ ಗಾಯಕನ ದನಿ ಬಂತು.
ಎರಡು ಸಾಲು ಕೇಳಿ ಅಜ್ಜಿ ಹುಬ್ಬು ಗಂಟಿಕ್ಕಿದಳು.
‘ಗಂಟಲು ಒಳ್ಳೆಯದೇ. ಆದರೆ ಯಾರಿವನು,
ನನ್ನ ಗಂಡನನ್ನು ನಕಲು ಹೊಡೆಯುವವನು?
ಬೈಬೈ ಅನ್ನುವಲ್ಲಿ ಉಸಿರೆಳೆಯಬೇಕು,
ಅದೂ ಗೊತ್ತಿಲ್ಲ.’

ಬೈಬೈ ಅಂದರೆ ನಮ್ಮಲ್ಲಿ ಕಡಲದಂಡೆ.
ಫಾಸ್ಟಿನೊನಿಗೆ ಉಬ್ಬಸವಿತ್ತು, ಓಣಿಗೆಲ್ಲ ಗೊತ್ತು.

‘ಇದನ್ನು ಮೊದಲು ಹಾಡಿದ್ದೇ ಇವನು, ಅಜ್ಜಿ’
ಎಂದಳು ಮೊಮ್ಮಗಳು ಮಾರಿವಿಕ್.
‘ಮೊದಲೆಂದರೆ?
ನಾನು ಮೊದಲು ಕೇಳಿದ್ದು ನಮ್ಮ ಅಡುಗೆಮನೆಯಲ್ಲಿ.
ಮೀನಿನ ಪೊರೆ ಹೆರೆಯುತ್ತಿದ್ದ,
ಅವನ ಮೊಣಕೈವರೆಗೂ ಬೆಳ್ಳಿ.’

ಆ ದನಿ ತೆಗೆಯಲು ಹೋದೆ, ಗಡಿಬಿಡಿ, ಬೆರಳು ಜಾರಿತು.
ಎಂಟು ಬಿತ್ತು.
ಹಂದಿಮರಿಯ ರಾಗ ಕುಣಿಯುತ್ತ ಬಂತು,
ಇಸ್ಪೀಟಿನವರು ತಾಳ ಹಾಕಿದರು.
ನಿಲ್ಲಿಸಬೇಕು ಎನ್ನುವಷ್ಟರಲ್ಲಿ ಮೈಕು ಅಜ್ಜಿಯ ಕೈಯಲ್ಲಿ.
ಕಳ್ಳರ ರಾಗಕ್ಕೆ ಲಾಟೀನಿನ ಮಾತು ಹಾಕಿ ಹಾಡಿದಳು.
ಪರದೆಯ ಮೇಲೆ, ಯಾಕೋ ಏನೋ, ಹಿಮದ ಬೆಟ್ಟ,
ಕೊರಳಿಗೆ ಗಂಟೆ ಕಟ್ಟಿದ ದಪ್ಪ ಹಸುಗಳು.
ಮಾತು ಎಡವಿತು, ಹಿಂದೆ ಬಿತ್ತು.
ಬೈಬೈ ಬಂದಾಗ ನಿಂತಳು.
ಉಸಿರೆಳೆದಳು.
ರಾಗ ಮರಿಯ ಹಿಂದೆ ಓಡಿಹೋಯಿತು,
ಅವಳು ಅವಸರಪಡಲಿಲ್ಲ.
ಕೆಲವರು ನಕ್ಕರು. ಅವಳೂ ನಕ್ಕಳು, ಆಮೇಲೆ.

ತುತ್ತೂರಿ ಊದಿ ಪೆಟ್ಟಿಗೆ ಕೊಟ್ಟ ಅಂಕ: ತೊಂಬತ್ತೆಂಟು.
‘ನೋಡಿದೆಯಾ’ ಎಂದಳು ಗೋಡೆಯ ಬಿಳಿ ಕೋಟಿಗೆ,
‘ನೀನು ಒಮ್ಮೆಯೂ ಎಂಬತ್ತೊಂದು ದಾಟಲಿಲ್ಲ.’

ಬೆಳಿಗ್ಗೆ ಹಗ್ಗ ಬಿಗಿಯುತ್ತಿದ್ದೆ.
ಚಿಲ್ಲರೆಯಲ್ಲೇ ಮುನ್ನೂರು ಎಣಿಸಿದಳು.
‘ನಿನ್ನ ಪುಸ್ತಕದಲ್ಲಿ ಮೂರನೆಯದನ್ನೂ ಬರೆ.’
ಬರೆದೆ, ನೀಲಿ ಪೆನ್ನಿನಲ್ಲಿ, ಎಂಟರ ಕೆಳಗೆ:
ಹನ್ನೊಂದರ ದೋಣಿ. ಫಾಸ್ಟಿನೊ.
ನಂಬರಿನ ಜಾಗ ಖಾಲಿ.

ಮೊನ್ನೆ ಯಾವುದೋ ಹುಟ್ಟುಹಬ್ಬದಲ್ಲಿ
ಒಬ್ಬ ಅದರ ಮೇಲೆ ಬೆರಳಿಟ್ಟು ಕೇಳಿದ,
‘ಇದಕ್ಕೇನು ಒತ್ತಬೇಕಣ್ಣ?’
ಉತ್ತರ ಹುಡುಕುವಷ್ಟರಲ್ಲಿ
ಅವನು ಬೇರೆ ಯಾವುದನ್ನೋ ಒತ್ತಿಬಿಟ್ಟಿದ್ದ.