ಅರ್ಧ ಸೆಕೆಂಡು

ರೋರೋಸ್‌ನಲ್ಲಿ ಇವತ್ತು ಸೊನ್ನೆಗಿಂತ ಇಪ್ಪತ್ತೆರಡು ಕೆಳಗೆ.
ಆಸ್ಮುಂಡ್ ಬ್ಯಾಟರಿಯನ್ನು ಕಂಕುಳಲ್ಲಿ ಒತ್ತಿಕೊಂಡು ನಿಂತಿದ್ದಾನೆ
ಜ್ವರದ ಮಗುವಿಗೆ ಥರ್ಮಾಮೀಟರ್ ಇಟ್ಟ ಹಾಗೆ.

ಒಮ್ಮೆ ಚಾರ್ಜ್ ಮಾಡಿದರೆ ಇನ್ನೂರೈವತ್ತು ಚಿತ್ರ
ಎಂದಿತ್ತು ಡಬ್ಬಿಯ ಮೇಲೆ.
ಯಾವ ಊರಿನ ಲೆಕ್ಕವೋ.
ಇಲ್ಲಿ ಹನ್ನೊಂದಕ್ಕೇ ಮೂರು ಗೆರೆ ಒಂದಾಗಿ
ಆ ಒಂದೂ ಕೆಂಪಾಗಿ ಮಿಣುಕುತ್ತದೆ.

ಮೇಲೆ, ಅಡ್ಡದಿಮ್ಮಿಯ ಮೇಲೆ ಕೂತವಳು ಟೂರಿಲ್,
ಒಂಬತ್ತು ವರ್ಷ, ಕಾಲಿಗೆ ತನಗಿಂತ ಉದ್ದದ ಹಿಮಹಲಗೆ.
ಕೈ ಬಿಟ್ಟಳು. ಜಾರಿದಳು.
ಇವನು ಗುಂಡಿ ಒತ್ತಿದ.
ಕ್ಯಾಮೆರಾ ಯೋಚಿಸಿತು.
ಮಂಜು ನೋಡಿತು, ಮರ ನೋಡಿತು, ಮಸೂರವನ್ನು
ಹಿಂದಕ್ಕೆ ಮುಂದಕ್ಕೆ ಆಡಿಸಿತು, ಆಮೇಲೆ
ಕೋಟೆ ಸೂರೆಹೋದ ಮೇಲೆ ದಿಡ್ಡಿಬಾಗಿಲು ಹಾಕಿದಂತೆ
ಕ್ಲಿಕ್.

ಹನ್ನೊಂದರಲ್ಲಿ ಹತ್ತು ಬರೀ ಆಕಾಶ.
ಉಳಿದದ್ದರಲ್ಲಿ ತೀರ್ಪುಗಾರ ಹೋಕೊನ್ ಆಕಳಿಸುತ್ತಿದ್ದಾನೆ.

ಆಮೇಲೆ ಗೊತ್ತಾಯಿತು: ಹಾರುವ ಮೊದಲೇ ಒತ್ತಬೇಕು.
ಅವಳ ಮಂಡಿ ನೆಟ್ಟಗಾಗುವುದಕ್ಕೂ ಮೊದಲು,
ಹಾರುತ್ತೇನೆಂದು ಅವಳಿಗೇ ತಿಳಿಯುವುದಕ್ಕೂ ಮೊದಲು,
ಬರೀ ಅಂದಾಜಿನ ಮೇಲೆ.

ಬೆಚ್ಚಗಾದ ಬ್ಯಾಟರಿಯನ್ನು ಒಳಗೆ ತಳ್ಳಿ, ಉಸಿರು ಹಿಡಿದು
ಒತ್ತಿದ. ಒಂದೇ ಒಂದು ಬಂತು.
ಮಸೂರ ಅರ್ಧ ಒಳಗೆ ಹೋಗಿ ಅಲ್ಲೇ ನಿಂತಿತು,
ಚಾಚಿದ ನಾಲಗೆ ಹಾಗೇ ಉಳಿದಂತೆ.

ರಾತ್ರಿ ಒಲೆಯ ಪಕ್ಕ ಚಾರ್ಜಿಗೆ ಹಾಕಿ ನೋಡಿದರು.
ಅದರಲ್ಲೂ ಅವಳಿಲ್ಲ.
ಇಳಿಜಾರಿನ ಹಿಮದ ಮೇಲೆ ನೀಲಿ ನೆರಳೊಂದು,
ಗೀಟು ಎಳೆದಂಥ ಎರಡು ಹಲಗೆ.

'ಇದನ್ನ ಅಳಿಸಬೇಡ,' ಅಂದಳು ಟೂರಿಲ್
ಬಟಾಣಿ ಸಾರಿಗೆ ಬ್ರೆಡ್ಡು ಅದ್ದುತ್ತ,
'ಇದರಲ್ಲಿ ನಾನಿನ್ನೂ
ಕೆಳಗೆ ಬಂದಿಲ್ಲ.'